ಒಂದು ಪೊಟ್ಟಣ, ಒಂದು ಲೀಟರ್: ಲೆಕ್ಕ ತಪ್ಪದಿರಲಿ

ಮಗುವಿಗೆ ಬೆಳಿಗ್ಗೆಯಿಂದ ನಾಲ್ಕೈದು ಸಲ ಭೇದಿಯಾಗಿದೆ. ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಪೊಟ್ಟಣ ತರಿಸಿದ್ದೀರಿ. ಇಷ್ಟು ಚಿಕ್ಕ ಮಗು ಒಂದು ಲೀಟರ್ ಎಲ್ಲಿ ಕುಡಿಯುತ್ತೆ ಅಂದುಕೊಂಡು ಒಂದೇ ಲೋಟ ನೀರಿಗೆ ಪೊಟ್ಟಣವನ್ನೆಲ್ಲ ಸುರಿಯಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಸಾರಿಗೆ ಉಪ್ಪನ್ನು ಕೈಯಂದಾಜಿನಲ್ಲಿ ಹಾಕಿದರೆ ನಡೆಯುತ್ತೆ, ಓಆರ್‌ಎಸ್‌ಗೆ ಅಂದಾಜು ನಡೆಯೋದಿಲ್ಲ.

ಪೊಟ್ಟಣದಲ್ಲಿ ಏನಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಒಟ್ಟು 20.5 ಗ್ರಾಂ. ಗ್ಲೂಕೋಸ್ ಇಲ್ಲಿ ಬರೀ ಸಿಹಿಗಲ್ಲ. ಕರುಳಿನಲ್ಲಿ ಅದು ಉಪ್ಪಿನ ಸೋಡಿಯಂ ಅನ್ನು ತನ್ನ ಜೊತೆ ಒಳಗೆ ಕರೆದೊಯ್ಯುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ

ನೀರಿನಲ್ಲಿ ಕರಗಿದ ಕಣಗಳ ಸಾಂದ್ರತೆಯನ್ನು ಅಳೆದರೆ ಸರಿಯಾಗಿ ಬೆರೆಸಿದ ಓಆರ್‌ಎಸ್‌ನದು ಲೀಟರಿಗೆ 245. ನಮ್ಮ ರಕ್ತದ್ದು ಸುಮಾರು 290. ಓಆರ್‌ಎಸ್ ರಕ್ತಕ್ಕಿಂತ ತುಸು ತೆಳು, ಹಾಗಾಗಿ ನೀರು ಸಲೀಸಾಗಿ ದೇಹ ಸೇರುತ್ತದೆ.

ಅದೇ ಪೊಟ್ಟಣವನ್ನು 200 ಮಿ.ಲೀ. ಲೋಟಕ್ಕೆ ಹಾಕಿದರೆ? 1000 ಭಾಗಿಸು 200, ಅಂದರೆ ಐದು ಪಟ್ಟು ಗಟ್ಟಿ. 245ನ್ನು 5ರಿಂದ ಗುಣಿಸಿದರೆ 1225! ರಕ್ತದ ನಾಲ್ಕು ಪಟ್ಟು. ಆಗ ನೀರು ದೇಹದಿಂದಲೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಕೂಡ ಬರಬಹುದು. ಎರಡು ಲೀಟರ್ ನೀರಿಗೆ ಹಾಕಿದರೋ, ಕಳೆದುಹೋದ ಲವಣ ಸಾಕಷ್ಟು ಸಿಗೋದಿಲ್ಲ.

ಇಷ್ಟು ಸೂಕ್ಷ್ಮವೇ ಅಂತೀರಾ? ಹಳೆಯ ಸೂತ್ರದಲ್ಲಿ ಈ ಸಂಖ್ಯೆ 311 ಇತ್ತು. 2002ರಲ್ಲಿ ಅದನ್ನು 245ಕ್ಕೆ ಇಳಿಸಿದ್ದು, ತೆಳುವಾದ ದ್ರಾವಣದಿಂದ ಮಕ್ಕಳಲ್ಲಿ ವಾಂತಿ, ಭೇದಿ ಎರಡೂ ಕಡಿಮೆಯಾಗಿ ಡ್ರಿಪ್ ಹಾಕುವ ಅಗತ್ಯವೂ ತಗ್ಗುತ್ತದೆ ಎಂದು ತಿಳಿದದ್ದರಿಂದಲೇ.

ಹೀಗೆ ಬೆರೆಸಿ

* ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ. ದೊಡ್ಡದು ಒಂದು ಲೀಟರಿಗೆ, ಸುಮಾರು 4 ಗ್ರಾಂನ ಚಿಕ್ಕದು 200 ಮಿ.ಲೀ.ಗೆ.
* ಲೀಟರ್ ಅಳೆಯಲು ಒಂದು ಲೀಟರಿನ ನೀರಿನ ಬಾಟಲಿ ಸಾಕು.
* ಕುದಿಸಿ ಆರಿಸಿದ ನೀರಿಗೆ ಬೆರೆಸಿ. ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ, ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ.
* ದೊಡ್ಡ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಪಾಲು ಮಾಡಬೇಡಿ. ಪೂರ್ತಿ ಬೆರೆಸಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ.
* ಸಕ್ಕರೆ, ಹಾಲು, ಜ್ಯೂಸ್ ಸೇರಿಸಬೇಡಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.

ಪೊಟ್ಟಣ ಸಿಗದಿದ್ದರೆ

ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ನಿಲ್ಲದಂತೆ ಬೆರಳಿನಿಂದ ಸವರಿ ಅಳೆಯಿರಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಆದ್ದರಿಂದ ಪೊಟ್ಟಣ ಸಿಗುವವರೆಗೆ ಮಾತ್ರ. ರೆಡಿಮೇಡ್ ಪಾನೀಯ ಇದಕ್ಕೆ ಬದಲಿಯಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ 'ಓಆರ್‌ಎಸ್' ಎಂದು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ನಿಂತಿರುವುದು, ಮಂಪರು, ಏನನ್ನೂ ಕುಡಿಯದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅಳತೆಯಂತೆ ಬೆರೆಸಿದ ಇಂಥದೇ ನೀರನ್ನು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಅವತ್ತು ಅವರ ಕೈಲಾದದ್ದು ಇವತ್ತು ನಿಮ್ಮ ಕೈಲೂ ಆಗುತ್ತೆ. ಎರಡು ಪೊಟ್ಟಣ, ಒಂದು ಲೀಟರ್ ಬಾಟಲಿ ಸದಾ ಮನೆಯಲ್ಲಿರಲಿ.