ಅಖಾಡದ ಮಣ್ಣೂ ಆಟಗಾರರ ಮಿದುಳೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಗರಡಿಮನೆಗಳನ್ನು ಬಲ್ಲವರಿಗೆ ಕುಸ್ತಿಗೆ ಮೊದಲು ಕೆಮ್ಮಣ್ಣನ್ನು ಅಗೆದು, ಎಣ್ಣೆ ಮಜ್ಜಿಗೆಗಳನ್ನು ಬೆರೆಸಿ ಮೆದುಗೊಳಿಸುವ ಪದ್ಧತಿ ಹೊಸತಲ್ಲ. ಇದು ಬರಿಯ ಸಂಪ್ರದಾಯವೇನು? ಲೆಕ್ಕ ಹಾಕಿ ನೋಡೋಣ. ಒಂದೂಕಾಲು ಮೀಟರ್ ಎತ್ತರದಿಂದ ಬಿದ್ದ ತಲೆಯು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 5 ಮೀಟರ್. ಸಡಿಲ ಮಣ್ಣಿನಲ್ಲಿ 5 ಸೆಂಟಿಮೀಟರ್ ಹುದುಗಿ ನಿಂತರೆ, ಅದರ ವೇಗ ಕುಂದುವ ಸರಾಸರಿ ಪ್ರಮಾಣವು ಗುರುತ್ವ ವೇಗೋತ್ಕರ್ಷದ 25 ಪಟ್ಟು. ಬಿಸಿಲಿಗೆ ಕಲ್ಲಾದ ಮೈದಾನದಲ್ಲಿ 5 ಮಿಲಿಮೀಟರಿನೊಳಗೇ ನಿಂತರೆ 250 ಪಟ್ಟು! ನಮ್ಮ ಪೈಲ್ವಾನರು ಸೂತ್ರವನ್ನರಿಯದೆಯೇ ಅದರ ಫಲವನ್ನು ಅರಿತಿದ್ದರು.

ತಲೆಬುರುಡೆ ನಿಂತೊಡನೆ ಒಳಗಿನ ಮಿದುಳು ನಿಲ್ಲುವುದಿಲ್ಲ. ಸುಮಾರು 1.4 ಕಿಲೋಗ್ರಾಂ ತೂಗುವ ಈ ಮೆತ್ತನೆಯ ಅಂಗವು ದ್ರವದಲ್ಲಿ ತೇಲುತ್ತಿದ್ದು, ಜಡತ್ವದಿಂದ ಮುಂದುವರಿಯುತ್ತದೆ. ತಲೆ ಗಿರ್ರನೆ ತಿರುಗಿದರಂತೂ ಮಿದುಳಿನ ಪದರಗಳು ಒಂದರ ಮೇಲೊಂದು ಜಾರಿದಂತಾಗಿ ನರತಂತುಗಳು ಎಳೆಯಲ್ಪಡುತ್ತವೆ. 1943ರಲ್ಲಿ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ಜೆಲಟಿನ್ನಿನ ಮಾದರಿಗಳಿಂದ ಈ ತಿರುಚುವಿಕೆಯ ಮಹತ್ವವನ್ನು ತೋರಿಸಿದರು. ವೈದ್ಯರು ಕನ್‌ಕಷನ್ ಎಂದು ಕರೆಯುವ ಸ್ಥಿತಿ ಹುಟ್ಟುವುದು ಹೀಗೆ. ಬಹುಮಟ್ಟಿಗೆ ಪ್ರಜ್ಞೆ ತಪ್ಪುವುದಿಲ್ಲ; ಸ್ಕ್ಯಾನಿನಲ್ಲಿಯೂ ಏನೂ ಕಾಣದಿರಬಹುದು. ತಲೆನೋವು, ವಾಕರಿಕೆ, ಮಬ್ಬು, ಮರೆವು, ಇಷ್ಟೇ ಕುರುಹು. ‘ಕಣ್ಣಿಗೆ ಕತ್ತಲು ಕವಿಯಿತು, ಈಗ ಸರಿಹೋಯಿತು’ ಎಂದು ಹುಡುಗ ಮತ್ತೆ ಕಬಡ್ಡಿ ಅಂಕಣಕ್ಕಿಳಿಯುತ್ತಾನೆ.

ಹುಡುಗಿಯರ ಮಾತೇನು? 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಬಾರಿ ಸ್ಥಾನ ದೊರೆತಾಗ, ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿಯವರಿದ್ದ ಭಾರತ ತಂಡವು ಚಿನ್ನ ಗೆದ್ದಿತು. ಕೆಡಹುವ ಹಿಡಿತ ಅವರ ಆಟದಲ್ಲೇನೂ ಮೆದುವಲ್ಲ. ಇಬ್ಬರೂ ಒಂದೇ ನಿಯಮದಲ್ಲಿ ಆಡುವ ಕಾಲ್ಚೆಂಡಿನಂಥ ಆಟಗಳಲ್ಲಿ ಕನ್‌ಕಷನ್ ಹೆಣ್ಣುಮಕ್ಕಳಲ್ಲಿಯೇ ಹೆಚ್ಚೆಂದು ಅಮೆರಿಕದ ಶಾಲಾ ಕಾಲೇಜುಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಕೊರಳಿನ ಸ್ನಾಯುಬಲ ಕಡಿಮೆಯಿದ್ದರೆ ಅದೇ ಪೆಟ್ಟಿಗೆ ತಲೆ ಹೆಚ್ಚು ವೇಗವಾಗಿ ತಿರುಗುವುದು ಒಂದು ಕಾರಣ. ಇನ್ನೊಂದು, ಹುಡುಗಿಯರು ನೋವನ್ನು ಹೇಳಿಕೊಳ್ಳುತ್ತಾರೆ, ಹುಡುಗರು ಮುಚ್ಚಿಡುತ್ತಾರೆ. ಈ ಮುಚ್ಚಿಡುವಿಕೆಗೆ ನಾವು ‘ಗಂಡಸ್ತನ’ವೆಂಬ ಹೆಸರಿಟ್ಟಿರುವುದು ವಿಷಾದಕರ.

ಹಿಂದೊಮ್ಮೆ ಇಂಥ ಪೆಟ್ಟು ತಿಂದವರಿಗೆ, ಗಂಡಾಗಲಿ ಹೆಣ್ಣಾಗಲಿ, ಮತ್ತೊಮ್ಮೆ ಆಗುವ ಸಂಭವ ಹೆಚ್ಚು. ಆದುದರಿಂದ ತಾಲ್ಲೂಕು ಕ್ರೀಡಾಕೂಟಕ್ಕೆ ಆಟಗಾರರನ್ನು ಆರಿಸುವಾಗ ಎತ್ತರ, ತೂಕಗಳೊಡನೆ ಈ ಪೂರ್ವವೃತ್ತಾಂತವನ್ನೂ ಕೇಳಿ ಬರೆದುಕೊಳ್ಳಬೇಕು. ಮೊದಲ ಆಘಾತ ಮಾಯುವ ಮುನ್ನವೇ ಎರಡನೆಯದು ತಗುಲಿದರೆ, ಎಳೆಯರಲ್ಲಿ ಮಿದುಳು ಊದಿಕೊಂಡು ಪ್ರಾಣವೇ ಹೋದ ಪ್ರಸಂಗಗಳುಂಟು. ಅಪರೂಪ, ಆದರೆ ನಿಜ. ಅನುಮಾನ ಬಂದ ಕ್ಷಣವೇ ಆಟ ಬಿಡಿಸಿ ವೈದ್ಯರಿಗೆ ತೋರಿಸಬೇಕು. ವಾಂತಿ ಮರುಕಳಿಸಿದರೆ, ತೂಕಡಿಕೆ ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದವರಿಗೆ ಒಂದೆರಡು ದಿನ ವಿಶ್ರಾಂತಿ, ಅನಂತರ ನಡಿಗೆ, ಓಟ, ಒಬ್ಬರೇ ಮಾಡುವ ಅಭ್ಯಾಸ; ಪ್ರತಿ ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಹಿಡಿತ, ಎಳೆತಗಳಿಗೆ ಮರಳುವುದು ವೈದ್ಯರು ಒಪ್ಪಿದ ಮೇಲೆ.