ಜಾಲರಿಯ ಕಪ್ಪು: ತಿಕ್ಕಬೇಕಾದ್ದು ಎಷ್ಟು, ಉಳಿಸಬೇಕಾದ್ದು ಎಷ್ಟು?

ಬಂಗಡೆಗೆ ಉಪ್ಪು, ಅರಿಸಿನ, ಮೆಣಸಿನ ಮಸಾಲೆ ಸವರಿ ಕೆಂಡದ ಮೇಲಿಟ್ಟು ಸುಡಲು ಕಾಲು ಗಂಟೆ ಸಾಕು. ಸುಟ್ಟ ಜಾಲರಿಯನ್ನು ತಿಕ್ಕಿ ತೊಳೆಯಲು ಮಾತ್ರ ಇಡೀ ಮಧ್ಯಾಹ್ನ ಬೇಕು! ಕಾರವಾರದ ಬೈತಖೋಲ, ಮಾಜಾಳಿಗಳಲ್ಲಿರಲಿ, ಅಂಕೋಲಾದ ಬೇಲೆಕೇರಿ, ಕೇಣಿಗಳಲ್ಲಿರಲಿ, ಮೀನು ಬೇಯುವ ಮನೆಗಳಿಗೆ ಈ ಕೆಲಸ ಹೊಸದೇನಲ್ಲ. ಹಿಂದೆ ಒಲೆಯಲ್ಲಿ ಕೆಂಡವಿತ್ತು, ಅದರ ಮೇಲೆ ಕಬ್ಬಿಣದ ಕಾವಲಿಯಿತ್ತು, ಪಕ್ಕದಲ್ಲೇ ಬೂದಿಯೂ ತೆಂಗಿನ ನಾರೂ ಇದ್ದವು. ಗ್ಯಾಸ್ ಬಂದ ಮೇಲೆ ಕಟ್ಟಿಗೆಯ ಒಲೆ ಹಿತ್ತಿಲಿಗೆ ಸರಿಯಿತು. ಈಗ ಕೆಲವು ಮನೆಗಳ ಅಂಗಳಕ್ಕೆ ರಜೆಯ ದಿನ ಹೊತ್ತಿಸುವ ಬಾರ್ಬೆಕ್ಯೂ ಒಲೆ ಬಂದಿದೆ. ಅದರ ಜೊತೆಗೇ ಬಂದದ್ದು ತಂತಿ ಬ್ರಷ್. ಬೂದಿ ಮತ್ತು ನಾರಿನ ಬಗ್ಗೆ ಯಾರಿಗೂ ಭಯವಿರಲಿಲ್ಲ. ಈ ಬ್ರಷ್ಷಿನ ಬಗ್ಗೆ ಸ್ವಲ್ಪ ಭಯ ಇರಬೇಕು.

ಮುಳ್ಳಲ್ಲದ ಮುಳ್ಳು

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚ್‌ನಿಂದ 2012ರ ಜೂನ್‌ವರೆಗೆ ಆರು ಮಂದಿ ವಿಚಿತ್ರ ತೊಂದರೆಯಿಂದ ಆಸ್ಪತ್ರೆ ಸೇರಿದರು. ಕೆಲವರಿಗೆ ನುಂಗುವಾಗ ಗಂಟಲಿನಲ್ಲಿ ಚುಚ್ಚುವ ನೋವು, ಕೆಲವರಿಗೆ ಹೊಟ್ಟೆನೋವು. ಎಲ್ಲರೂ ಕೆಂಡದ ಜಾಲರಿಯ ಮೇಲೆ ಸುಟ್ಟ ಮಾಂಸ ತಿಂದವರು. ಒಳಗೆ ಸಿಕ್ಕಿದ್ದು ಜಾಲರಿ ತಿಕ್ಕುವ ಬ್ರಷ್ಷಿನಿಂದ ಕಳಚಿದ ತಂತಿಯ ಚೂರು. ಆ ದೇಶದ ರೋಗ ನಿಯಂತ್ರಣ ಕೇಂದ್ರ 2012ರ ಜುಲೈನಲ್ಲಿ ಇದನ್ನು ವರದಿ ಮಾಡಿ ಜನರನ್ನು ಎಚ್ಚರಿಸಿತು. ಕರುಳಿಗೆ ರಂಧ್ರವಾದ ಪ್ರಕರಣವೂ ಅದರಲ್ಲಿತ್ತು.

ದೂರದ ಊರಿನ ಸುದ್ದಿ ಎಂದು ಬಿಟ್ಟುಬಿಡುವಂತಿಲ್ಲ. ನಮ್ಮ ಕರಾವಳಿಯಲ್ಲಿ ಅಪಾಯ ಇನ್ನೂ ಒಂದು ತೂಕ ಹೆಚ್ಚೇ. ಯಾಕೆಂದರೆ ಇಲ್ಲಿ ಊಟದ ಹೊತ್ತಿಗೆ ಗಂಟಲಿನಲ್ಲಿ ಏನಾದರೂ ಚುಚ್ಚಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೀನಿನ ಮುಳ್ಳು, ಅನ್ನದ ಉಂಡೆ ನುಂಗು, ಹೋಗುತ್ತದೆ.’ ತಾರ್ಲೆಯ ಸಣ್ಣ ಮುಳ್ಳಿಗೆ ಅದು ಎಷ್ಟೋ ಸಲ ನಡೆದುಹೋಗುತ್ತದೆ. ವೈದ್ಯರು ಅದಕ್ಕೂ ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು. ಆದರೆ ಚುಚ್ಚಿದ್ದು ಉಕ್ಕಿನ ತಂತಿಯಾದರೆ ಅನ್ನದ ಉಂಡೆ ಅದನ್ನು ಇನ್ನಷ್ಟು ಆಳಕ್ಕೆ ನೂಕಬಹುದು. ಜಾಲರಿಯಲ್ಲಿ ಸುಟ್ಟದ್ದನ್ನು ತಿಂದ ಮೇಲೆ ಮಗು ಗಂಟಲು ನೋವು ಎಂದರೆ, ತಂತಿ ಬ್ರಷ್ ಬಳಸಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಎಕ್ಸ್-ರೇಯಲ್ಲಿ ಲೋಹ ಸ್ಪಷ್ಟವಾಗಿ ಕಾಣುತ್ತದೆ; ಆದರೆ ಅದನ್ನು ತೆಗೆಸಬೇಕೆಂದು ಯಾರಿಗಾದರೂ ಹೊಳೆಯಬೇಕಲ್ಲ!

ಹಳೆಯದಾಗಿ ಕೂದಲು ಬಾಗಿದ ಬ್ರಷ್ಷನ್ನು ಎಸೆದುಬಿಡುವುದು ಮೇಲು. ಚೂರು ಉದುರುವ ಉಕ್ಕಿನ ತಂತಿಯ ಉಂಡೆಗೂ ಇದೇ ಮಾತು. ಅದರ ಬದಲು ಮರದ ಸವುಟು, ಚಪ್ಪಟೆ ಬಿದಿರಿನ ಚೂರು ಅಥವಾ ತೆಂಗಿನ ಸಿಪ್ಪೆಯ ತುಂಡು ಸಾಕು. ಜಾಲರಿ ಇನ್ನೂ ಬಿಸಿ ಇರುವಾಗ ಅರ್ಧ ಹೋಳು ಈರುಳ್ಳಿಯನ್ನು ಉದ್ದನೆಯ ಮುಳ್ಳುಚಮಚಕ್ಕೆ ಚುಚ್ಚಿ ಉಜ್ಜುವವರಿದ್ದಾರೆ. ಅದರ ನೀರು ಹಬೆಯಾಗಿ ಕಿಟ್ಟವನ್ನು ಮೆತ್ತಗೆ ಮಾಡುತ್ತದೆ. (ಕುಮಟಾದ ಸಿಹಿ ಈರುಳ್ಳಿಯನ್ನು ಮಾತ್ರ ಇದಕ್ಕೆ ಹಾಳು ಮಾಡಬೇಡಿ.) ಕಾದ ಬೀಡು ಕಬ್ಬಿಣದ ಮೇಲೆ ತಣ್ಣೀರು ಸುರಿದರೆ ಅದು ಸೀಳಬಹುದು ಎಂಬುದೂ ನೆನಪಿರಲಿ.

ಕಪ್ಪು ಒಂದೇ ಅಲ್ಲ

ಬಣ್ಣ ಒಂದೇ ಆದರೂ ಜಾಲರಿಯ ಮೇಲಿರುವುದು ಮೂರು ಬೇರೆ ಬೇರೆ ವಸ್ತು. ಮೊದಲನೆಯದು ಮಸಿ. ಅದು ಬರೀ ಇಂಗಾಲ. ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಎರಡನೆಯದು ಕಿಟ್ಟ, ಅಂದರೆ ಮೀನಿನ ಎಣ್ಣೆ ಮತ್ತು ಮಸಾಲೆ ಸುಟ್ಟು ಗಟ್ಟಿಯಾದದ್ದು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ್ದರೆ ಇದಕ್ಕೆ ಡಾಂಬರಿನಂತಹ ಅಂಟೂ ಸೇರುತ್ತದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೊಪೈರೀನ್ ಇರುತ್ತದೆ. ಇದು ಕ್ಯಾನ್ಸರ್‌ಕಾರಕವೆಂದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿದೆ. ಹಳೆಯ ಜಿಡ್ಡು ಮತ್ತೆ ಮತ್ತೆ ಹೊಗೆಯಾಗದಿರಲಿ ಎಂದೇ ಕಿಟ್ಟ ಹೋಗಬೇಕು.

ಮೂರನೆಯದು ಕಾವಲಿಗೆ ‘ಪಳಗಿಸಿದ’ ಮೇಲೆ ಬರುವ ನುಣುಪಾದ ಕಪ್ಪು ಪೊರೆ. ಎಣ್ಣೆಯ ಅಣುಗಳು ಬಿಸಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣಕ್ಕೆ ಹೊದೆಸಿದ ಚರ್ಮ ಅದು. ಮೀನು ಅಂಟದಂತೆ, ತುಕ್ಕು ಹಿಡಿಯದಂತೆ ಅದೇ ಕಾಯುತ್ತದೆ. ಕಾವಲಿ ಫಳಫಳ ಹೊಳೆಯುವಂತೆ ಉಜ್ಜುವ ಹೊಸ ಸೊಸೆಗೆ ಅತ್ತೆ ಗದರಿದರೆ ಅದರಲ್ಲಿ ರಸಾಯನಶಾಸ್ತ್ರವೂ ಇತ್ತು!

ಬೆರಳಿಗೆ ಅಂಟಿದರೆ, ಹಕ್ಕಳೆಯಾಗಿ ಏಳುತ್ತಿದ್ದರೆ ಅದು ಕಿಟ್ಟ. ನುಣುಪಾಗಿ ಒಣಗಿದ್ದರೆ ಪೊರೆ. ಹೀಗೆ ಗುರುತಿಸಬಹುದು.

ಈ ಪೊರೆಗೆ ಕರಾವಳಿಯ ಮೆಚ್ಚಿನ ತೆಂಗಿನೆಣ್ಣೆ ಅಷ್ಟು ಒಗ್ಗುವುದಿಲ್ಲ. ಅದರಲ್ಲಿ ಪರ್ಯಾಪ್ತ ಕೊಬ್ಬೇ ಹೆಚ್ಚು, ಹಾಗಾಗಿ ಹೆಣೆದುಕೊಳ್ಳುವ ಗುಣ ಕಡಿಮೆ. ಸೂರ್ಯಕಾಂತಿ ಅಥವಾ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒರೆಸಿ, ಚೆನ್ನಾಗಿ ಕಾಯಿಸಿದರೆ ಪೊರೆ ಬೇಗ ಕೂಡುತ್ತದೆ.

ಬೂದಿಯೊಳಗಿನ ಸಾಬೂನು

ಬೂದಿ ಹಾಕಿ ತಿಕ್ಕಿದರೆ ಜಿಡ್ಡು ಯಾಕೆ ಹೋಗುತ್ತದೆ? ಪಿ.ಯು.ಸಿ. ವಿದ್ಯಾರ್ಥಿಗಳು ಅಡುಗೆಮನೆಯಲ್ಲೇ ಉತ್ತರ ಹುಡುಕಬಹುದು. ಕಟ್ಟಿಗೆಯ ಬೂದಿಯಲ್ಲಿ, ಅದರಲ್ಲೂ ತೆಂಗಿನ ಸಿಪ್ಪೆಯ ಬೂದಿಯಲ್ಲಿ, ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ನೀರು ಸೇರಿದಾಗ ಅದು ಕ್ಷಾರ. ಕ್ಷಾರವೂ ಜಿಡ್ಡೂ ಕೂಡಿದರೆ ಸ್ವಲ್ಪ ಸ್ವಲ್ಪ ಸಾಬೂನೇ ಹುಟ್ಟುತ್ತದೆ. ಉಳಿದ ಕೆಲಸವನ್ನು ಬೂದಿಯ ಸಣ್ಣ ಹರಳುಗಳು ಉಜ್ಜಿ ಮುಗಿಸುತ್ತವೆ. ಬೂದಿ ಸಿಗದವರು ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಜಾಲರಿಯನ್ನು ರಾತ್ರಿ ನೆನೆಸಿಡಬಹುದು. ಆದರೆ ಪಳಗಿಸಿದ ಕಬ್ಬಿಣವನ್ನು ಇಷ್ಟು ಹೊತ್ತು ನೆನೆಸಿದರೆ ಪೊರೆಯೂ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಅನ್ನಂತೂ ಕ್ಷಾರ ಕೊರೆದು ಕಪ್ಪಾಗಿಸುತ್ತದೆ. ಅಲ್ಲಿ ಸಾದಾ ಸಾಬೂನೇ ಸರಿ.

ಇದೇ ಕೆಲಸವನ್ನು ಕ್ಷಣದಲ್ಲಿ ಮಾಡುವ ಅಣ್ಣ ಕಾಸ್ಟಿಕ್ ಸೋಡಾ. ಕಾರವಾರದ ಮಕ್ಕಳಿಗೆ ಹೆಸರು ಹೊಸದಲ್ಲ, ಪಕ್ಕದ ಬಿಣಗಾದ ಕಾರ್ಖಾನೆ ಅದನ್ನು ಉಪ್ಪಿನ ನೀರಿನಿಂದ ವಿದ್ಯುತ್ತಿನ ಬಲದಲ್ಲಿ ತಯಾರಿಸುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಓವನ್ ಕ್ಲೀನರ್‌ಗಳಲ್ಲಿ ಇರುವುದೂ ಅದೇ. ಜಿಡ್ಡನ್ನು ಸಾಬೂನು ಮಾಡುವ ವಸ್ತು ಚರ್ಮವನ್ನೂ ಬಿಡುವುದಿಲ್ಲ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಮನೆಯ ಜಾಲರಿಗೆ ಇಷ್ಟು ದೊಡ್ಡ ಆಯುಧ ಬೇಕಿಲ್ಲ. ಬ್ಲೀಚಿಂಗ್ ಪುಡಿಯನ್ನು ಹುಣಸೆ, ವಿನೆಗರ್‌ನಂತಹ ಹುಳಿಯ ಜೊತೆ ಬೆರೆಸುವುದು ಇನ್ನೂ ಅಪಾಯ. ಹೊರಡುವುದು ಕ್ಲೋರಿನ್ ಅನಿಲ.

ನಿಜವಾದ ಶತ್ರು ಗಾಳಿ

ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಊರು. ಆ ಉಪ್ಪೇ ಇಲ್ಲಿಯ ಕಬ್ಬಿಣದ ಗೆಳೆಯನೂ ಹೌದು, ವೈರಿಯೂ ಹೌದು. ಹರಳು ಉಪ್ಪನ್ನು ಒಣಗಿದ ಕಾವಲಿಯ ಮೇಲೆ ಹಾಕಿ ನಾರಿನಿಂದ ಉಜ್ಜಿದರೆ ಕಿಟ್ಟ ಏಳುತ್ತದೆ, ಪೊರೆ ಉಳಿಯುತ್ತದೆ. ಆದರೆ ಉಪ್ಪಿನ ಒಂದು ಹರಳೂ ಉಳಿಯದಂತೆ ಒರೆಸಬೇಕು. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಆ ಉಪ್ಪುನೀರಿನಡಿ ಕಬ್ಬಿಣ ಬಹಳ ಬೇಗ ತುಕ್ಕಾಗುತ್ತದೆ. ಮಳೆಗಾಲದಲ್ಲಿ ಕಾರವಾರದ ಗಾಳಿ ಈ ಮಿತಿಯನ್ನು ದಾಟಿಯೇ ಇರುತ್ತದೆ, ಸಾಲದ್ದಕ್ಕೆ ಸಮುದ್ರವೇ ಉಪ್ಪಿನ ಹನಿ ತೂರುತ್ತದೆ. 2006ರಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟ ಯುದ್ಧನೌಕೆ ‘ಚಪಲ್’ ಮೇಲೆ ಬಣ್ಣವಿರುವುದು ಅಂದಕ್ಕಷ್ಟೇ ಅಲ್ಲ.

ಸ್ಟೀಲ್ ಜಾಲರಿಯವರೂ ನಿಶ್ಚಿಂತರಾಗಿರುವಂತಿಲ್ಲ. ಅದನ್ನು ಕಾಯುವುದು ಕ್ರೋಮಿಯಂನ ಕಣ್ಣಿಗೆ ಕಾಣದ ಪದರ. ಸಾದಾ ಉಕ್ಕಿನ ತಂತಿಯಿಂದ ತಿಕ್ಕಿದರೆ ಕಬ್ಬಿಣದ ಕಣಗಳು ಅಲ್ಲೇ ಉಳಿದು ತುಕ್ಕು ಹಿಡಿಯುತ್ತವೆ. ‘ಸ್ಟೀಲಿಗೂ ತುಕ್ಕು ಬಂತು’ ಎಂದು ಅಂಗಡಿಯವನನ್ನು ಬೈಯುವ ಮೊದಲು ಕೈಯಲ್ಲಿರುವ ಸ್ಕ್ರಬ್ಬರನ್ನು ನೋಡಬೇಕು.

ತೆಳುವಾದ ತುಕ್ಕಿಗೆ ಹುಣಸೆಹಣ್ಣು ಅಥವಾ ಮುರುಗಲಿನ ಸಿಪ್ಪೆಯ ಹುಳಿ ಸಾಕಾಗುತ್ತದೆ. ಹುಳಿ ಹಚ್ಚಿ ಹೆಚ್ಚು ಹೊತ್ತು ಬಿಡದೆ ತೊಳೆದು, ಬೆಂಕಿಯ ಮೇಲೆ ಒಣಗಿಸಿ, ಮತ್ತೆ ಪಳಗಿಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ; ಅದು ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಶ್ರಾವಣದ ನೇಮ. ಮೀನಿನ ಕಾವಲಿ, ಜಾಲರಿಗಳು ಕೆಲಸವಿಲ್ಲದೆ ಕೂರುವುದು ವರ್ಷದ ಅತಿ ತೇವದ ತಿಂಗಳುಗಳಲ್ಲೇ. ಮೇ ಕೊನೆಯಲ್ಲಿ ಅವನ್ನು ತೊಳೆದು, ಕಾಯಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಡಬೇಕು. ಇಲ್ಲಿ ತೆಂಗಿನೆಣ್ಣೆಯೂ ನಡೆಯುತ್ತದೆ. ಹಿತ್ತಿಲಲ್ಲಿ ಇನ್ನೂ ನೀರೊಲೆ ಉರಿಯುವ ಮನೆಯಾದರೆ ಅದರ ಮೇಲಿನ ಅಟ್ಟವೇ ಒಳ್ಳೆಯ ಜಾಗ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬಾರದು, ಒಳಗಿನ ಪಸೆ ಹೊರಬರದು. ಚೌತಿ ಕಳೆದು ಮೊದಲ ಬಂಗಡೆ ಬಂದ ದಿನ ಕಾಗದ ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೆಂಡದ ಮೇಲೆ ಐದು ನಿಮಿಷ ಬರಿದೇ ಕಾಯಿಸಿದರಾಯಿತು.