ಕಾರು ನಾಲ್ಕು ಲಕ್ಷದ್ದು, ಖರ್ಚು ನಲವತ್ತು ಲಕ್ಷದ್ದು!

ಕೊಲ್ಲೂರು: ಮೂಕಾಂಬಿಕೆಯ ಸನ್ನಿಧಿಗೆ ಬರುವ ಕಾರುಗಳನ್ನು ಎಣಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೇರಳದ್ದು, ತಮಿಳುನಾಡಿನದ್ದು, ಬೆಂಗಳೂರಿನದ್ದು. ಹೊಸ ಗಾಡಿಗೆ ಪೂಜೆ ಮಾಡಿಸಲೆಂದೇ ಬರುವವರೂ ಇದ್ದಾರೆ. ಬಸ್ಸಿಗೆ ಕಾಯುವವರ ಮೂಗಿನ ಮುಂದೆಯೇ ಬೆಂಜ್ ಒಂದು ಸದ್ದಿಲ್ಲದೆ ಹಾದುಹೋಗುತ್ತದೆ. ‘ಹ್ವಾಯ್, ಹಳೆದಾರೂ ಅಡ್ಡಿಲ್ಲ, ಒಂದ್ ತಕಂಬ ಕಾಣಿ’ ಎಂಬ ಆಸೆ ಹುಟ್ಟಿದರೆ ತಪ್ಪೇನು?

ತಪ್ಪೇನೂ ಇಲ್ಲ. ಲೆಕ್ಕ ಮಾತ್ರ ಮೊದಲೇ ಗೊತ್ತಿರಬೇಕು.

ಅಗ್ಗ ಯಾಕೆ?

ಹೊಸದಿದ್ದಾಗ ನಲವತ್ತು ಲಕ್ಷ ಬಾಳುತ್ತಿದ್ದ ಕಾರು ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಸಣ್ಣದೊಂದು ಹೊಸ ಕಾರಿನ ಬೆಲೆಗೆ ಬರುತ್ತದೆ. ಕಾರಿನ ಬೆಲೆಯೇನೋ ಇಳಿಯಿತು. ಆದರೆ ಅದರ ಬಿಡಿಭಾಗದ ಬೆಲೆ ಇಳಿಯಿತೇ? ಇಲ್ಲ! ಟಯರು, ಹೆಡ್‌ಲೈಟು, ಗೇರ್‌ಬಾಕ್ಸು ಎಲ್ಲವೂ ಇಂದಿಗೂ ನಲವತ್ತು ಲಕ್ಷದ ಕಾರಿನವೇ. ಮಾರುವವನಿಗೆ ಇದು ಗೊತ್ತು. ಅದಕ್ಕೇ ಮಾರುತ್ತಾನೆ.

ಹಿಂದೆ ಹೀಗಿರಲಿಲ್ಲ. 1984ರಲ್ಲಿ ಹಿಂದುಸ್ತಾನ್ ಮೋಟರ್ಸಿನ ಕಾಂಟೆಸಾ ಬಂದಾಗ ಅದೇ ಸಾಹುಕಾರರ ಕಾರು. ಮೊದಮೊದಲು ಅದರ ಹೊಟ್ಟೆಯೊಳಗೆ ಇದ್ದದ್ದು ಅಂಬಾಸಿಡರಿನ ಎಂಜಿನ್ನೇ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕಿಗೆ ಕೈಯಿಡಲು ಅಂಜಿಕೆ ಇರಲಿಲ್ಲ. 1995ರಲ್ಲಿ ಪುಣೆಯಲ್ಲಿ ಬೆಂಜ್ ತಯಾರಾಗತೊಡಗಿತು. ಆಮೇಲೆ ಬಂದ ಮಾಡೆಲುಗಳಿಗೆ ಸ್ಪ್ಯಾನರ್ ಒಂದೇ ಸಾಲದು, ಕಂಪ್ಯೂಟರೂ ಬೇಕು. ಯಾವ ಸೆನ್ಸರ್ ಕೆಟ್ಟಿದೆ ಎಂದು ಯಂತ್ರವೇ ಹೇಳಬೇಕು. ಆ ಯಂತ್ರ ಹಳ್ಳಿಯ ಎಲ್ಲ ಗ್ಯಾರೇಜುಗಳಲ್ಲಿ ಸಿಗುವಂಥದ್ದಲ್ಲ.

ದಿಲ್ಲಿಯ ಕಾರು, ಉಡುಪಿಯ ನಂಬರು

ದಿಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಲಿ ಬೇಡವಾದ ದೊಡ್ಡ ಕಾರುಗಳು ಬೇರೆ ರಾಜ್ಯಗಳ ದಾರಿ ಹಿಡಿದವು. ಅಗ್ಗ ಅಂದರೆ ಅಗ್ಗ!

ಆದರೆ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಇಲ್ಲಿಯ ನಂಬರು ಆಗಲೇಬೇಕು. ಉಡುಪಿಯ ಕೆಎ-20 ಬೇಕಾದರೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಅದು ಶೇ. 18. ಈ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಕಡಿತ ಉಂಟು, ಆದರೂ ಮಾತು ಲಕ್ಷದ್ದೇ. ಮುಂಗಡ ಕೊಡುವ ಮೊದಲೇ ಇದನ್ನು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಜಾಣತನ.

15 ವರ್ಷ ತುಂಬಿದ ಕಾರಿಗೆ ಆರ್‌ಸಿ ನವೀಕರಣ ಬೇರೆ. 600 ರೂ. ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ್ದಕ್ಕೆ 10,000 ಆಯಿತು.

ಉಪ್ಪು, ಮಳೆ, ಇಲಿ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ನೋಡಲು ಚೆಂದ, ತಗಡಿಗೆ ಶತ್ರು. ಉಪ್ಪುಗಾಳಿಯ ತುಕ್ಕು ಮೇಲಿನ ಬಣ್ಣದಲ್ಲಿ ಕಾಣುವುದಿಲ್ಲ. ಬಾಗಿಲಿನ ಕೆಳ ಅಂಚು, ಜಾಕ್ ಕೊಡುವ ಜಾಗ, ಕಾಲಡಿಯ ಮ್ಯಾಟಿನ ಕೆಳಗೆ ಹುಡುಕಬೇಕು. ಇನ್ನು ಕೊಲ್ಲೂರಿನ ಮಳೆ! ಮುಂದಿನ ಗಾಜಿನ ಬುಡದಲ್ಲಿ ನೀರು ಇಳಿಯುವ ತೂತಿಗೆ ನಾಲ್ಕು ತರಗೆಲೆ ಸಿಕ್ಕಿದರೆ ಸಾಕು, ನೀರು ಒಳಗೆ. ಅನೇಕ ದೊಡ್ಡ ಕಾರುಗಳಲ್ಲಿ ಕಂಪ್ಯೂಟರಿನ ಪೆಟ್ಟಿಗೆ, ವಯರುಗಳ ಗಂಟು ಇರುವುದೇ ಕಾರ್ಪೆಟ್ಟಿನ ಅಡಿಯಲ್ಲಿ. ಎಲೆ ತೆಗೆಯಲು ಎರಡು ನಿಮಿಷ, ತೆಗೆಯದಿದ್ದರೆ ಸಾವಿರಗಟ್ಟಲೆ ದಂಡ. ಬಾನೆಟ್ಟಿನೊಳಗೆ ಇಲಿ ವಯರು ಕಡಿದರೂ ಅದೇ ಕಥೆ.

ನಗರ, ನಿಟ್ಟೂರು ಕಡೆಯಿಂದ ಘಾಟಿ ಇಳಿಯುವಾಗ ಭಾರದ ಕಾರನ್ನು ಬ್ರೇಕಿನ ಮೇಲೆಯೇ ಹಿಡಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಆಟೋಮ್ಯಾಟಿಕ್ ಗೇರಿದ್ದರೂ ಕೆಳಗಿನ ಗೇರಿಗೆ ಹಾಕಿಯೇ ಇಳಿಸಬೇಕು. ಇದು ಪ್ರಾಣದ ಪ್ರಶ್ನೆ, ದುಡ್ಡಿನದ್ದಲ್ಲ.

ಹಾಗಾದರೆ ಬೇಡವೇ?

ಬೇಕಾದವರು ತೆಗೆದುಕೊಳ್ಳಲಿ. ಕೈಯಲ್ಲಿ ನಾಲ್ಕು ಲಕ್ಷ ಇದ್ದರೆ ನಾಲ್ಕು ಲಕ್ಷದ ಕಾರು ಬೇಡ. ಎರಡೂವರೆ ಲಕ್ಷದ್ದು ನೋಡಿ, ಉಳಿದದ್ದನ್ನು ತೆರಿಗೆಗೂ ರಿಪೇರಿಗೂ ತೆಗೆದಿಡಿ. ಹೊಳಪಿಗೆ ಮರುಳಾಗದೆ ಸರ್ವಿಸಿನ ಬಿಲ್ಲುಗಳನ್ನು ಕೇಳಿ. ಬಿಲ್ಲಿಲ್ಲದ ಚೆಂದದ ಕಾರಿಗಿಂತ ಬಿಲ್ಲಿರುವ ಗೀರು ಬಿದ್ದ ಕಾರು ಮೇಲು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಬಿಸಿ ಮಾಡಿಟ್ಟ ಎಂಜಿನ್ ಸುಳ್ಳು ಹೇಳುತ್ತದೆ. ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನದ್ದಕ್ಕೆ ತಾಳೆ ನೋಡಿ. ಸಾಲ ತೀರಿದ ಕಾಗದ, ಹೊರರಾಜ್ಯದ್ದಾದರೆ ಎನ್‌ಓಸಿ ಕೈಗೆ ಬರದೆ ಹಣ ಬಿಚ್ಚಬೇಡಿ. ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯ ಬಿಡಿಭಾಗ ಸಿಗುತ್ತದೆ. ಬಾಗಿಲು, ಕನ್ನಡಿ ಅಲ್ಲಿಂದ ತರಬಹುದು. ಬ್ರೇಕು, ಟಯರು ಮಾತ್ರ ಹೊಸದೇ ಆಗಬೇಕು.

‘ಆನಿ ತಕಂಬುದ್ ಸುಲ್ಭ, ಸಾಕೂದ್ ಕಷ್ಟ ಮಾರಾಯ್ರೆ’ ಅನ್ನುತ್ತಾರೆ ಊರ ಹಿರಿಯರು. ಚೀಟಿ ಎತ್ತಿದ ಹಣ, ಅಂಗಡಿಯ ಬಂಡವಾಳ, ಮಗಳ ಫೀಸಿಗೆ ಇಟ್ಟದ್ದು, ಇದಕ್ಕೆ ಕೈಹಾಕಿ ಬೆಂಜ್ ತಂದವರ ಗತಿ ಏನಾದೀತು? ಕಾರು ಗ್ಯಾರೇಜಿನಲ್ಲಿ, ಅಂಗಡಿಯ ಶೆಲ್ಫು ಖಾಲಿ. ಯಜಮಾನರು ಕಿಸೆಯಲ್ಲಿ ಬೆಂಜಿನ ಕೀ ಇಟ್ಟುಕೊಂಡು ಹೆಮ್ಮಾಡಿಯಲ್ಲಿ ಕೊಲ್ಲೂರು ಬಸ್ಸಿಗೆ ಕಾಯುತ್ತಿರುತ್ತಾರೆ!